ಯಾವ ತಪ್ಪನ್ನು ತಿದ್ದಬಾರದು? ಚಾರ್ಲ್ಸ್ ಐವ್ಸ್‌ನ ಪಿಟೀಲು–ಪಿಯಾನೊ ಸೊನಾಟಾಗಳ ಧ್ವನಿಮುದ್ರಣ

ಅಮೆರಿಕದ ಸಂಯೋಜಕ ಚಾರ್ಲ್ಸ್ ಐವ್ಸ್ ತನ್ನದೊಂದು ವಾದ್ಯವೃಂದ ಕೃತಿಯ ಹಸ್ತಪ್ರತಿಯ ಅಂಚಿನಲ್ಲಿ, ಅದನ್ನು ನಕಲು ಮಾಡಬೇಕಿದ್ದ ಪ್ರೈಸ್ ಎಂಬಾತನಿಗೆ ಒಂದು ಸೂಚನೆ ಬರೆದಿಟ್ಟಿದ್ದ: ಇದನ್ನು ಚೆಂದ ಮಾಡಲು ಹೋಗಬೇಡ, ತಪ್ಪು ಸ್ವರಗಳೆಲ್ಲ ಸರಿಯಾಗಿಯೇ ಇವೆ, ಇದ್ದ ಹಾಗೇ ಇಳಿಸು. ಸ್ಟುಡಿಯೊದಲ್ಲಿ ಕೆಲಸ ಮಾಡುವ ನಮಗೆಲ್ಲ ಈ ಸಾಲು ಸ್ವಲ್ಪ ಇರುಸುಮುರುಸು ತರಬೇಕು. ನಮ್ಮ ಕಿವಿ ಪಳಗಿರುವುದೇ ತಪ್ಪು ಹುಡುಕಲು. ತಂತಿ ಕಿರುಗುಟ್ಟಿತೇ, ಎರಡು ವಾದ್ಯ ಒಟ್ಟಿಗೆ ಬೀಳಲಿಲ್ಲವೇ, ಮಂದ್ರ ಕಲಸಿಹೋಯಿತೇ ಎಂದು ಹೊಂಚು ಹಾಕುವುದೇ ನಮ್ಮ ಉದ್ಯೋಗ. ಐವ್ಸ್‌ನ ಪಿಟೀಲು–ಪಿಯಾನೊಗೆ ಬರೆದ ನಾಲ್ಕು ಸೊನಾಟಾಗಳನ್ನು (ಹಲವು ಭಾಗಗಳ ವಾದ್ಯಕೃತಿಗಳನ್ನು) ಮುದ್ರಿಸಲು ಕೂತರೆ ಇದೇ ಅಭ್ಯಾಸ ಕೈಕೊಡುತ್ತದೆ. ಅಲ್ಲಿ ಕಲಸಿಹೋಗುವುದನ್ನೂ ಅವನೇ ಬರೆದಿದ್ದಾನೆ, ಒಟ್ಟಿಗೆ ಬೀಳದಿರುವುದನ್ನೂ ಅವನೇ ಬರೆದಿದ್ದಾನೆ. ಹಾಗಂತ ಎಲ್ಲವೂ ಸರಿ ಎಂದು ಬಿಟ್ಟರೆ ನಿಜವಾದ ತಪ್ಪುಗಳು ಡಿಸ್ಕಿಗೆ ಹೋಗಿ ಕೂರುತ್ತವೆ. ಯಾವುದು ಬರೆದದ್ದು, ಯಾವುದು ಕೆಟ್ಟದ್ದು ಎನ್ನುವುದನ್ನು ಮುದ್ರಣದ ಕೆಂಪು ದೀಪ ಹತ್ತುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಮೊದಲು ಕೃತಿಗಳು. ನಾಲ್ಕು ಸೊನಾಟಾ, ಪ್ರತಿಯೊಂದಕ್ಕೂ ಮೂರು ಭಾಗ, ಒಟ್ಟು ಹನ್ನೆರಡು ಟ್ರ್ಯಾಕು. ಮೂರನೆಯದು ಎಲ್ಲಕ್ಕಿಂತ ಉದ್ದ, 25 ನಿಮಿಷ ದಾಟುತ್ತದೆ. ನಾಲ್ಕನೆಯದು ಹತ್ತು ನಿಮಿಷದ ಆಸುಪಾಸು. ಒಟ್ಟು ಸುಮಾರು 75 ನಿಮಿಷ, ಒಂದು ಸಿಡಿಗೆ ಕರಾರುವಾಕ್ಕಾಗಿ ಕೂರುತ್ತದೆ. ಐವ್ಸ್ ಹುಟ್ಟಿದ್ದು 1874ರಲ್ಲಿ, ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯಲ್ಲಿ. ತಂದೆ ಜಾರ್ಜ್ ಐವ್ಸ್ ಬ್ಯಾಂಡ್ ಮಾಸ್ಟರು. ಮಗ ಯೇಲ್‌ನಲ್ಲಿ ಹೊರೇಶಿಯೊ ಪಾರ್ಕರ್ ಬಳಿ ಸಂಗೀತ ಕಲಿತು, ನ್ಯೂಯಾರ್ಕಿಗೆ ಹೋಗಿ ವಿಮೆಯ ವ್ಯಾಪಾರಕ್ಕೆ ಇಳಿದ. ಹಗಲು ಕಚೇರಿ, ಸಂಜೆ ಮತ್ತು ರಜಾದಿನಗಳಲ್ಲಿ ಸಂಗೀತ. ಈ ಸೊನಾಟಾಗಳಿಗೆ ಈಗಿನ ರೂಪ ಬಂದದ್ದು ಹೆಚ್ಚುಕಮ್ಮಿ 1910ರ ದಶಕದಲ್ಲಿ. 1914ರಲ್ಲಿ ಫ್ರಾಂಜ್ ಮಿಲ್ಕೆ ಎಂಬ ಜರ್ಮನ್ ಪಿಟೀಲುವಾದಕ ಮನೆಗೆ ಬಂದು ಮೊದಲ ಸೊನಾಟಾ ನುಡಿಸಲು ಕೂತು, ಮೊದಲ ಪುಟವೇ ಸಾಗದೆ, ಕಿವಿ ಮುಚ್ಚಿಕೊಂಡು ಎದ್ದು ಹೋದದ್ದನ್ನು ಐವ್ಸ್ ತನ್ನ ಟಿಪ್ಪಣಿಗಳಲ್ಲಿ ದಾಖಲಿಸಿದ್ದಾನೆ. ಅದಾದ ಮೇಲೆ ಮುಗಿಸಿದ ಮೂರನೆಯ ಸೊನಾಟಾ ಸ್ವಲ್ಪ ಸಾಧುವಾಯಿತು, ತಾನು ಹಿಂದಕ್ಕೆ ಜಾರಿದೆ ಎಂದೂ ಅವನಿಗೆ ಆಮೇಲೆ ಅನ್ನಿಸಿತ್ತು. ನನ್ನ ಕಿವಿಗೆ ಅದು ಹಾಗೆ ಕೇಳುವುದಿಲ್ಲ, ಆದರೆ ಮೂರನೆಯದರ ಸದ್ದು ಉಳಿದ ಮೂರಕ್ಕಿಂತ ಬೇರೆ ಎಂಬುದಂತೂ ನಿಜ. ಒಂದೇ ಮೈಕ್ ಜೋಡಣೆಯಲ್ಲಿ ನಾಲ್ಕನ್ನೂ ಮುಗಿಸುತ್ತೇನೆ ಎಂದು ಹೊರಡುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಇನ್ನೊಂದು ಸಂಗತಿ ಧ್ವನಿಮುದ್ರಣಕ್ಕೆ ನೇರವಾಗಿ ಸಂಬಂಧಿಸಿದ್ದು. ಸಾಮಾನ್ಯವಾಗಿ ಸೊನಾಟಾದಲ್ಲಿ ಮುಖ್ಯ ರಾಗ ಮೊದಲೇ ಬರುತ್ತದೆ, ಆಮೇಲೆ ಅದನ್ನು ಬಿಡಿಸಿ ಬೆಳೆಸುತ್ತಾರೆ. ಐವ್ಸ್ ಇದನ್ನು ತಿರುಗಿಸಿ ಹಾಕಿದ. ಚೂರುಗಳು ಮೊದಲು, ಇಡೀ ರಾಗ ಕೊನೆಗೆ. ವಿದ್ವಾಂಸ ಪೀಟರ್ ಬರ್ಕ್‌ಹೋಲ್ಡರ್ ಇದನ್ನು ಸಂಚಯ ರೂಪ ಎನ್ನುತ್ತಾರೆ. ಆ ರಾಗಗಳು ಬಹುಪಾಲು ಅಮೆರಿಕದ ಚರ್ಚಿನ ಗೀತೆಗಳು. ಎರಡನೆಯ ಸೊನಾಟಾದ ಕೊನೆಯ ಭಾಗ ‘ದಿ ರಿವೈವಲ್’ನಲ್ಲಿ ನೆಟಲ್‌ಟನ್ ಎಂಬ ಧಾಟಿ, ಮೂರನೆಯದರಲ್ಲಿ ‘ಐ ನೀಡ್ ದೀ ಎವ್ರಿ ಅವರ್’, ನಾಲ್ಕನೆಯದರ ನಡುವಿನ ಭಾಗದಲ್ಲಿ ‘ಜೀಸಸ್ ಲವ್ಸ್ ಮಿ’. ಸಂಡೇಸ್ಕೂಲಿಗೆ ಹೋಗಿ ಬೆಳೆದವರು ನಿಮ್ಮಲ್ಲಿದ್ದರೆ ಈ ಕೊನೆಯದರ ಧಾಟಿ ಕೇಳಿದ ಕೂಡಲೇ ಹಿಡಿಯುತ್ತೀರಿ, ನಮ್ಮ ಪ್ರಾಟೆಸ್ಟೆಂಟ್ ಚರ್ಚುಗಳಿಗೂ ಇಂಥ ಧಾಟಿಗಳು ಮಿಷನರಿಗಳ ಕಾಲದಲ್ಲೇ ಬಂದಿವೆ. ಉಳಿದವರು ಮುದ್ರಣಕ್ಕೆ ಮೊದಲು ಈ ಗೀತೆಗಳನ್ನು ಬಾಯಿಪಾಠ ಮಾಡಿಕೊಳ್ಳಲೇಬೇಕು. ಮುದ್ರಣ ನೋಡಿಕೊಳ್ಳುವ ಪ್ರೊಡ್ಯೂಸರ್ ಸಹ. ಗೀತೆ ಗೊತ್ತಿಲ್ಲದವರಿಗೆ ಅದರ ತುಂಡು ಕೇಳಿದಾಗ ತಪ್ಪು ಸ್ವರ ಎಂದೇ ಅನ್ನಿಸುವುದು.

ಇಲ್ಲಿ ಒಂದು ಅನುಕೂಲವಿದೆ. ಐವ್ಸ್ ಈ ಸೊನಾಟಾಗಳಿಂದ ಮೂರು ಹಾಡು ಮಾಡಿದ: ಮೊದಲನೆಯದರಿಂದ ‘ವಾಚ್‌ಮನ್’, ಎರಡನೆಯದರಿಂದ ‘ಹಿಸ್ ಎಕ್ಸಾಲ್ಟೇಶನ್’, ನಾಲ್ಕನೆಯದರಿಂದ ‘ಅಟ್ ದ ರಿವರ್’. ಮೂರೂ ಅವನು ಸ್ವಂತ ಖರ್ಚಿನಲ್ಲಿ 1922ರಲ್ಲಿ ಅಚ್ಚು ಹಾಕಿಸಿದ 114 ಹಾಡುಗಳ ಸಂಪುಟದಲ್ಲಿವೆ. ಪಿಟೀಲಿನ ಸಾಲಿನ ಕೆಳಗೆ ಆ ಹಾಡಿನ ಮಾತುಗಳನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ. ಕಮಾನು ಎಲ್ಲಿ ತಿರುಗಬೇಕು, ಎಲ್ಲಿ ಉಸಿರು, ಯಾವ ಸ್ವರಕ್ಕೆ ಒತ್ತು ಎಂಬ ಅರ್ಧದಷ್ಟು ಚರ್ಚೆ ಅಲ್ಲೇ ಮುಗಿಯುತ್ತದೆ. ಕೀರ್ತನೆಯ ಸಾಹಿತ್ಯ ಗೊತ್ತಿಲ್ಲದೆ ಪಿಟೀಲಿನಲ್ಲಿ ನುಡಿಸಿದರೆ ಪದ ಎಲ್ಲೆಲ್ಲೋ ಒಡೆಯುವುದನ್ನು ನೀವು ಕೇಳಿದ್ದೀರಲ್ಲ, ಅದೇ ಕತೆ ಇಲ್ಲೂ.

ಇನ್ನು ಸ್ವರಲಿಪಿ ಪುಸ್ತಕದ ವಿಷಯ. ನಾಲ್ಕನೆಯ ಸೊನಾಟಾ ಅಚ್ಚಾದದ್ದು 1942ರಲ್ಲಿ, ಎರಡು ಮತ್ತು ಮೂರನೆಯವು 1951ರಲ್ಲಿ, ಮೊದಲನೆಯದು 1953ರಲ್ಲಿ. ಹಸ್ತಪ್ರತಿಗಳು ಯೇಲ್ ವಿಶ್ವವಿದ್ಯಾಲಯದ ಸಂಗೀತ ಗ್ರಂಥಾಲಯದಲ್ಲಿವೆ. ಅಚ್ಚಿನ ಪುಸ್ತಕದಲ್ಲಿ ಅನುಮಾನ ಬಂದ ಪ್ರತಿ ಸ್ವರವನ್ನೂ ಪಟ್ಟಿ ಮಾಡಿ, ವಾದಕರಿಬ್ಬರೂ ಪ್ರೊಡ್ಯೂಸರೂ ಒಟ್ಟಿಗೆ ಕೂತು ಒಂದೊಂದಕ್ಕೂ ತೀರ್ಪು ಕೊಡಬೇಕು. ಎರಡು ಬಣ್ಣ ಸಾಕು. ವಿಚಿತ್ರವಾಗಿ ಕೇಳಿಸಿದರೂ ಹಾಗೆಯೇ ನುಡಿಸುವುದಕ್ಕೆ ಹಸಿರು, ಅಚ್ಚಿನ ದೋಷ ಎಂದು ತೀರ್ಮಾನಿಸಿ ಬದಲಿಸಿದ್ದಕ್ಕೆ ಕೆಂಪು. ಮೂವರ ಪುಸ್ತಕದಲ್ಲೂ ಒಂದೇ ಗುರುತು ಇರಬೇಕು. ಇಲ್ಲದಿದ್ದರೆ ಎರಡನೆಯ ದಿನ ಮಧ್ಯಾಹ್ನ, ಎಲ್ಲರೂ ದಣಿದಿರುವಾಗ, ಒಂದು ಶಾರ್ಪ್ (ಸ್ವರ ಏರಿಸುವ ಗುರುತು) ಇದೆಯೋ ಇಲ್ಲವೋ ಎಂದು 20 ನಿಮಿಷ ಜಗಳವಾಗುತ್ತದೆ. ಬಾಡಿಗೆಯ ಗಡಿಯಾರ ಓಡುತ್ತಲೇ ಇರುತ್ತದೆ.

ಪಿಯಾನೊ ವಾದಕರ ಪುಸ್ತಕಕ್ಕೆ ಇನ್ನೂ ಒಂದು ಗುರುತು ಬೇಕು. ಐವ್ಸ್ ಒಂದು ಕೈ ನಿಲುಕದಷ್ಟು ಅಗಲದ ಮೇಳಸ್ವರಗಳನ್ನು ಬರೆಯುತ್ತಾನೆ. ಅವನ್ನು ಕೆಳಗಿನಿಂದ ಮೇಲಕ್ಕೆ ಉರುಳಿಸಿ ನುಡಿಸಬೇಕಾಗುತ್ತದೆ. ಉರುಳಿಸುವುದನ್ನು ತಾಳದ ಪೆಟ್ಟಿಗೆ ಮೊದಲು ಶುರು ಮಾಡುವುದೋ ಪೆಟ್ಟಿನ ಮೇಲೋ, ಪಿಟೀಲು ಕೆಳಗಿನ ಸ್ವರದ ಜೊತೆಗೋ ಮೇಲಿನದರ ಜೊತೆಗೋ? ಇದನ್ನು ಬಾಣದ ಗುರುತು ಹಾಕಿ ನಿಗದಿ ಮಾಡದಿದ್ದರೆ, ಮೂರನೇ ಟೇಕಿನಲ್ಲಿ, ಅಂದರೆ ಮೂರನೇ ಸಲ ನುಡಿಸಿ ಮುದ್ರಿಸಿದಾಗ, ಒಂದು ಥರ, ಏಳನೇ ಟೇಕಿನಲ್ಲಿ ಇನ್ನೊಂದು ಥರ ಬರುತ್ತದೆ. ಎರಡೂ ಚೆನ್ನಾಗಿಯೇ ಇರುತ್ತವೆ. ಆದರೆ ಒಂದರ ಪಕ್ಕ ಒಂದನ್ನು ಜೋಡಿಸಲು ಆಗುವುದಿಲ್ಲ.

ಜಾಗದ ಆಯ್ಕೆಗೆ ಬರೋಣ. ಅನುರಣನ (ಸದ್ದು ನಿಂತ ಮೇಲೂ ಉಳಿಯುವ ಗುಂಗು) 1.6ರಿಂದ 2 ಸೆಕೆಂಡು ಇರುವ ಮರದ ನೆಲದ ಸಭಾಂಗಣ ಒಳ್ಳೆಯದು. ಜರ್ಮನ್ ಸಂಯೋಜಕ ಬ್ರಾಹ್ಮ್ಸ್‌ಗೆ 2.5 ಸೆಕೆಂಡಿನ ಚರ್ಚು ಹಿತವಾಗಿರಬಹುದು. ಐವ್ಸ್‌ನ ಎಡಗೈ ಒಂದು ಶ್ರುತಿಯಲ್ಲಿ, ಬಲಗೈ ಇನ್ನೊಂದರಲ್ಲಿ, ಪಿಟೀಲು ಮೂರನೆಯದರಲ್ಲಿ ಹೋಗುವ ಪುಟಗಳು ಅಲ್ಲಿ ಗಂಜಿಯಾಗುತ್ತವೆ. ಮುದ್ರಿಸುವಾಗ ಅದರ ಸದ್ದು ಬಾರದಂತೆ ಏಸಿ ಆರಿಸಬೇಕು. ಆರಿಸಿದರೆ ತಾಪ ಏರುತ್ತದೆ, ತಾಪ ಮತ್ತು ತೇವ ಬದಲಾದರೆ ಪಿಯಾನೊದ ಶ್ರುತಿ ಸರಿಯುತ್ತದೆ. ತೇವ ಹೆಚ್ಚಿದರೆ ಧ್ವನಿಫಲಕ ಉಬ್ಬಿ ಮಧ್ಯಸ್ಥಾಯಿಯ ತಂತಿಗಳು ಏರುತ್ತವೆ, ಅದೂ ಎಲ್ಲ ಸ್ಥಾಯಿಯಲ್ಲಿ ಒಂದೇ ಸಮ ಅಲ್ಲ. 20ರಿಂದ 22 ಡಿಗ್ರಿ, 40ರಿಂದ 50 ಶೇಕಡಾ ತೇವಾಂಶ ಇಟ್ಟುಕೊಂಡು, ವಿರಾಮದಲ್ಲಿ ಮಾತ್ರ ಏಸಿ ಹಾಕಿ. ಶ್ರುತಿ ಮಾಡುವವರು ಮುದ್ರಣ ನಡೆಯುವ ಮೂರೂ ದಿನ ಸ್ಥಳದಲ್ಲೇ ಇರಬೇಕು. ಈ ಖರ್ಚು ಉಳಿಸಲು ಹೋದವರು ಎಡಿಟ್ ಕೋಣೆಯಲ್ಲಿ ಅದರ ಮೂರರಷ್ಟು ತೆರುತ್ತಾರೆ. ಲೆಕ್ಕ ನೋಡಿ: ಬೆಳಿಗ್ಗೆ ‘ಎ’ ಸ್ವರ 441 ಹರ್ಟ್ಸ್ ಇದ್ದದ್ದು ಮಧ್ಯಾಹ್ನಕ್ಕೆ 442 ಆದರೆ ವ್ಯತ್ಯಾಸ ಸುಮಾರು 4 ಸೆಂಟ್, ಅಂದರೆ ಅರ್ಧಸ್ವರದ ನೂರರಲ್ಲಿ ನಾಲ್ಕು ಪಾಲು. ಬಿಡಿಯಾಗಿ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ದೀರ್ಘಸ್ವರದ ಮಧ್ಯೆ ಬೆಳಿಗ್ಗೆಯ ಟೇಕಿನಿಂದ ಮಧ್ಯಾಹ್ನದ ಟೇಕಿಗೆ ಹಾರಿದರೆ ಮಗುವಿಗೂ ಗೊತ್ತಾಗುತ್ತದೆ.

ಮೈಕುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕರ್ನಾಟಕ ಸಂಗೀತದ ಕಛೇರಿಗಳನ್ನು ಮುದ್ರಿಸಿ ರೂಢಿಯಿರುವವರು ಇಲ್ಲಿ ಹಳೆಯ ಅಭ್ಯಾಸ ಬಿಡಬೇಕಾಗುತ್ತದೆ. ಅಲ್ಲಿ ಪಿಟೀಲಿಗೆ ಒಂದಡಿ ದೂರದಲ್ಲಿ ಮೈಕು, ಇಲ್ಲವೇ ವಾದ್ಯಕ್ಕೇ ಅಂಟಿಸಿದ ಪಿಕಪ್ಪು. ಮೃದಂಗಕ್ಕೆ ಬೇರೆ, ತಂಬೂರಿಗೆ ಬೇರೆ. ಆಮೇಲೆ ಮಿಕ್ಸರಿನಲ್ಲಿ ಸಮ ಮಾಡುತ್ತೇವೆ. ಇಲ್ಲಿ ಸಮ ಆಗಬೇಕಾದದ್ದು ಕೋಣೆಯಲ್ಲೇ. ಎರಡು ಓಮ್ನಿ ಮೈಕುಗಳನ್ನು (ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವಂಥವು) 40ರಿಂದ 50 ಸೆಂಟಿಮೀಟರ್ ಅಂತರದಲ್ಲಿ, ನೆಲದಿಂದ 2.2ರಿಂದ 2.5 ಮೀಟರ್ ಎತ್ತರದಲ್ಲಿ, ಪಿಟೀಲಿನಿಂದ 2.5ರಿಂದ 3 ಮೀಟರ್ ದೂರದಲ್ಲಿ ಇಟ್ಟು ಶುರು ಮಾಡಿ. ಸಭಾಂಗಣ ಜಾಸ್ತಿ ಗುಂಯ್‌ಗುಡುತ್ತಿದ್ದರೆ ಓಮ್ನಿ ಬದಲು ಕಾರ್ಡಿಯಾಯ್ಡ್ ಜೋಡಿ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕುಗಳು), 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ. ಆದರೆ ಕಾರ್ಡಿಯಾಯ್ಡ್ ಇಟ್ಟಾಗ ಪಿಯಾನೊದ ತಳದ ಸದ್ದು ತೆಳುವಾಗುತ್ತದೆ. ಐವ್ಸ್‌ನಲ್ಲಿ ಆ ತಳವೇ ಅರ್ಧ ಸಂಗೀತ, ಹಾಗಾಗಿ ಓಮ್ನಿಯನ್ನು ಸುಲಭಕ್ಕೆ ಬಿಟ್ಟುಕೊಡಬೇಡಿ.

ಪಿಯಾನೊದ ಮುಚ್ಚಳ ಪೂರ್ತಿ ತೆರೆದಿರಲಿ. ಅರ್ಧ ಮುಚ್ಚಿದರೆ ಪಿಯಾನೊ ತಗ್ಗುತ್ತದೆ, ಪಿಟೀಲು ಮೇಲೆ ಬರುತ್ತದೆ ಎಂದು ಎಲ್ಲರಿಗೂ ಅನ್ನಿಸುತ್ತದೆ. ನಿಜಕ್ಕೂ ಆಗುವುದು ಬೇರೆ: ತಾರಸ್ಥಾಯಿಯ ಹೊಳಪು ಹೋಗುತ್ತದೆ, ಮಂದ್ರದ ಗುಂಗು ಹಾಗೆಯೇ ಉಳಿಯುತ್ತದೆ. ಪಿಟೀಲಿನ ‘ಜಿ’ ತಂತಿ ಮುಳುಗುವುದು ಆ ಗುಂಗಿನಲ್ಲೇ. ಮುಚ್ಚಳ ತೆರೆದಿಟ್ಟು, ಪಿಟೀಲುವಾದಕರನ್ನು ಮೈಕಿನ ಕಡೆಗೆ ಅರ್ಧ ಮೀಟರ್ ತನ್ನಿ. ಅದಕ್ಕೂ ಬಗ್ಗದಿದ್ದರೆ ಜೋಡಣೆಯನ್ನೇ ಬದಲಿಸಿ. ಪಿಟೀಲುವಾದಕರು ಪಿಯಾನೊದಿಂದ ಮೂರ್ನಾಲ್ಕು ಮೀಟರ್ ಮುಂದೆ ಬಂದು, ಸಭಿಕರಿಗೆ ಬೆನ್ನು ಮಾಡಿ, ಪಿಯಾನೊ ಕಡೆ ತಿರುಗಿ ನಿಲ್ಲಲಿ. ಓಮ್ನಿ ಜೋಡಿ ಇಬ್ಬರ ನಡುವೆ ಬರಲಿ. ಓಮ್ನಿ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುವುದರಿಂದ ಯಾರ ಸದ್ದು ಎಷ್ಟು ಎನ್ನುವುದನ್ನು ಬರೀ ದೂರವೇ ನಿರ್ಧರಿಸುತ್ತದೆ, ಸ್ಟ್ಯಾಂಡನ್ನು ಹತ್ತು ಸೆಂಟಿಮೀಟರ್ ಆಚೀಚೆ ಮಾಡಿದರೂ ಫಲ ಕಾಣುತ್ತದೆ. ಇಬ್ಬರ ಕಣ್ಣೂ ಕೂಡುತ್ತದೆ, ತಾಳ ಕೈಗೆ ಸಿಗದ ಪುಟಗಳಲ್ಲಿ ಇದು ದೊಡ್ಡ ಉಪಕಾರ. ತೊಂದರೆ ಏನೆಂದರೆ ಇಬ್ಬರಿಗೂ ಪರಸ್ಪರರ ಸದ್ದು ಒಂದು ಗಳಿಗೆ ತಡವಾಗಿ ತಲುಪುತ್ತದೆ, ಮೀಟರಿಗೆ ಸುಮಾರು 3 ಮಿಲಿಸೆಕೆಂಡು. ನಾಲ್ಕು ಮೀಟರ್ ಮೀರಿದರೆ ಎರಡನೆಯ ಸೊನಾಟಾದ ‘ಇನ್ ದ ಬಾರ್ನ್’ನಂಥ ಕುಣಿತದ ಭಾಗದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ನಡೆ ನಿಧಾನವಾಗುತ್ತದೆ.

ಪಿಟೀಲಿಗೊಂದು, ಪಿಯಾನೊಗೆ ಎರಡು ಹತ್ತಿರದ ಮೈಕು ಇಟ್ಟುಕೊಳ್ಳಿ, ಆದರೆ ಮುಖ್ಯ ಜೋಡಿಗಿಂತ 10ರಿಂದ 15 ಡೆಸಿಬೆಲ್ ಕೆಳಗೆ. ಅವುಗಳ ಸಮಯವನ್ನು ಹೊಂದಿಸಲೇಬೇಕು. ಪಿಟೀಲಿನ ಹತ್ತಿರದ ಮೈಕು 1 ಮೀಟರ್, ಮುಖ್ಯ ಜೋಡಿ 3.5 ಮೀಟರ್ ಇದ್ದರೆ ವ್ಯತ್ಯಾಸ 2.5 ಮೀಟರ್. ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತದೆ, ಅಂದರೆ 7.3 ಮಿಲಿಸೆಕೆಂಡು. 96 ಕಿಲೊಹರ್ಟ್ಸ್‌ನಲ್ಲಿ (ಸೆಕೆಂಡಿಗೆ 96,000 ಸ್ಯಾಂಪಲ್ ತೆಗೆದು) ಮುದ್ರಿಸುತ್ತಿದ್ದರೆ 700 ಸ್ಯಾಂಪಲ್. ಅಷ್ಟು ಹಿಂದಕ್ಕೆ ಸರಿಸದೆ ಬೆರೆಸಿದರೆ ಪಿಟೀಲು ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಪಿಟೀಲುವಾದಕರ ಪಾದ ಇರುವ ಜಾಗಕ್ಕೆ ನೆಲದ ಮೇಲೆ ಟೇಪು ಅಂಟಿಸಿ. ಪಿಟೀಲಿನ ಎತ್ತರದ ಆವರ್ತನಗಳು ಮುಖ್ಯವಾಗಿ ಮೇಲಿನ ಫಲಕಕ್ಕೆ ನೇರ ದಿಕ್ಕಿನಲ್ಲಿ ಹೊರಡುತ್ತವೆ, ವಾದಕರು ಕಾಲು ಭಾಗ ತಿರುಗಿದರೂ ಧ್ವನಿಯ ಬಣ್ಣ ಬದಲಾಗುತ್ತದೆ. ಊಟ ಮುಗಿಸಿ ಬಂದು ಒಂದಡಿ ಆಚೆ ನಿಂತರೆ ಬೆಳಿಗ್ಗೆಯ ಟೇಕಿಗೂ ಮಧ್ಯಾಹ್ನದ ಟೇಕಿಗೂ ಎರಡು ಬೇರೆ ಪಿಟೀಲುಗಳಷ್ಟು ಅಂತರ.

ಇಲ್ಲಿ ಒಂದು ಎಚ್ಚರಿಕೆ. ಹತ್ತಿರದ ಮೈಕು ಇದೆ ಎಂದ ಮೇಲೆ ಫೇಡರ್ ಎತ್ತಿ ಅದರ ಸದ್ದು ಹೆಚ್ಚಿಸುವ ಚಪಲ ಬರುತ್ತದೆ. ಪಿಯಾನೊದ ನಡುವಿನ ದನಿಯಲ್ಲೆಲ್ಲೋ ಒಂದು ಗೀತೆಯ ತುಣುಕು ಅಡಗಿರುತ್ತದೆ. ‘ಅಯ್ಯೋ, ಇದು ಯಾರಿಗೂ ಕೇಳಿಸುವುದಿಲ್ಲವಲ್ಲ’ ಎಂದು ಅದನ್ನು ಎತ್ತಿ ತೋರಿಸಲು ಹೋಗುತ್ತೇವೆ. ಮಾಡಬೇಡಿ. ಅದು ಅರೆಮರೆವೆಯಲ್ಲಿ ಸುಳಿದುಹೋಗಬೇಕಾದ ನೆನಪು. ಕೊನೆಯಲ್ಲಿ ಇಡೀ ರಾಗ ಬಂದಾಗ ಕೇಳುಗನಿಗೆ ‘ಇದನ್ನು ಆಗಲೇ ಎಲ್ಲೋ ಕೇಳಿದ್ದೆ’ ಅನ್ನಿಸಬೇಕು. ಮೊದಲೇ ಬೊಟ್ಟು ಮಾಡಿ ತೋರಿಸಿಬಿಟ್ಟರೆ ಕೊನೆಯ ಪುಟಕ್ಕೆ ಬೆಲೆಯೇ ಇರುವುದಿಲ್ಲ. ಪದರ ಬಿಡಿಸಲೇಬೇಕೆಂದಿದ್ದರೆ ಅಗಲದಲ್ಲಿ ಬಿಡಿಸಿ: ಪಿಟೀಲು ನಡುವಿನಿಂದ ಸ್ವಲ್ಪ ಎಡಕ್ಕೆ, ಪಿಯಾನೊದ ದೇಹ ಬಲಕ್ಕೆ ಹರಡಿರಲಿ. ಎರಡು ಬ್ಯಾಂಡುಗಳನ್ನು ಎದುರುಬದುರಾಗಿ ನಡೆಸಿ ಬೇರೆ ಬೇರೆ ಹಾಡು ಬಾರಿಸಿದರೆ ಹೇಗಿರುತ್ತದೆಂದು ಕೇಳುವ ಹುಚ್ಚು ಅವನ ಅಪ್ಪನಿಗಿತ್ತಂತೆ. ಎರಡು ಹಾಡು ಎರಡು ದಿಕ್ಕಿನಿಂದ ಬಂದರೆ ಕಿವಿ ತಾನೇ ಬೇರ್ಪಡಿಸಿಕೊಳ್ಳುತ್ತದೆ.

ಮಟ್ಟ ಹೊಂದಿಸುವಾಗ ಮೊದಲ ಪುಟ ನುಡಿಸಲು ಹೇಳಬೇಡಿ. ‘ದಿ ರಿವೈವಲ್’ನ ಉತ್ತುಂಗ, ಮತ್ತೆ ನಾಲ್ಕನೆಯ ಸೊನಾಟಾದ ನಡುವಿನ ಭಾಗದಲ್ಲಿ ‘ಕಾನ್‌ಸ್ಲುಗಾರಾಕೊ’ ಎಂದು ಬರೆದಿರುವ ಜಾಗ, ಇವೆರಡನ್ನೂ ನುಡಿಸಿಸಿ. ಆ ಪದ ಇಟಾಲಿಯನ್ ಅಲ್ಲ, ಐವ್ಸ್‌ನ ತಮಾಷೆ. ಹುಡುಗರು ಹಳ್ಳದ ಬಂಡೆಗಳಿಗೆ ಕಲ್ಲು ಬೀರುವ ಜಾಗವದು. ಮೆಲ್ಲನೆಯ ಲಾರ್ಗೊ ನಡೆಯುತ್ತಿರುವಾಗ ಪಿಯಾನೊ ಇದ್ದಕ್ಕಿದ್ದಂತೆ ಗುದ್ದುತ್ತದೆ. ಲಾರ್ಗೊಗೆ ತಕ್ಕಂತೆ ಗೇನ್ (ಮೈಕಿನ ಸದ್ದು ಹಿಗ್ಗಿಸುವ ಮಟ್ಟ) ಏರಿಸಿಟ್ಟಿದ್ದರೆ ಅಲ್ಲೇ ಹರಿದುಹೋಗುತ್ತದೆ. 24 ಬಿಟ್‌ನಲ್ಲಿ ಅತಿ ಜೋರಿನ ಪೆಟ್ಟು ಮೈನಸ್ 10 ಡೆಸಿಬೆಲ್ ಬಳಿ (ಮಿತಿಗಿಂತ ಅಷ್ಟು ಕೆಳಗೆ) ನಿಲ್ಲುವಂತೆ ಇಟ್ಟು, ಮೂರು ದಿನವೂ ಗುಂಡಿ ಮುಟ್ಟಬೇಡಿ. ಲಾರ್ಗೊದ ಮೆಲುದನಿ ಆಗ ತೀರಾ ಕೆಳಗಿರುತ್ತದೆ, ಆದ್ದರಿಂದಲೇ ಕುರ್ಚಿಯ ಕಿರುಗು, ಪೆಡಲಿನ ಫೆಲ್ಟಿನ ಸದ್ದು, ಹಾಳೆ ಮಗುಚುವವರ ಅಂಗಿಯ ಸರಭರ ಎಲ್ಲವನ್ನೂ ಮೊದಲ ಗಂಟೆಯಲ್ಲೇ ಬೇಟೆಯಾಡಿ ಮುಗಿಸಬೇಕು. ಇವು ಯಾವುವೂ ಐವ್ಸ್ ಬರೆದದ್ದಲ್ಲ.

ವೇಳಾಪಟ್ಟಿ: 75 ನಿಮಿಷದ ಸಂಗೀತಕ್ಕೆ ಮೂರು ದಿನ, ದಿನಕ್ಕೆ ಮೂರು ಗಂಟೆಯ ಎರಡು ಸರದಿ. ಒಟ್ಟು 18 ಗಂಟೆ. ಅದರಲ್ಲಿ ಮೊದಲ ಸರದಿಯ ಬಹುಪಾಲು ಸದ್ದು ಹೊಂದಿಸುವುದಕ್ಕೇ ಹೋಗುತ್ತದೆ. ಮೂರನೆಯ ಸೊನಾಟಾವನ್ನು ಎರಡನೆಯ ದಿನ ಬೆಳಿಗ್ಗೆ ಇಡಿ. ಅದರ ಎರಡು ದೀರ್ಘ ಅಡಾಜಿಯೊಗಳಿಗೆ (ನಿಧಾನ ಭಾಗಗಳಿಗೆ) ದಣಿಯದ ಬಲಗೈ ಬೇಕು. ನಾಲ್ಕನೆಯದು ಚಿಕ್ಕದು, ಐವ್ಸ್ ತನ್ನ ಸೋದರನ ಹನ್ನೆರಡು ವರ್ಷದ ಮಗ ನುಡಿಸಲಿ ಎಂದು ಶುರು ಮಾಡಿದ್ದು ಎಂದು ಕೊನೆಗೆ ತಳ್ಳುತ್ತಾರೆ. ಆ ಹುಡುಗನ ಕೈಗೆ ಅದು ಎಟುಕದಷ್ಟು ಕಷ್ಟವಾಗಿ ಬೆಳೆಯಿತು ಎನ್ನುವುದನ್ನು ಮರೆಯಬೇಡಿ.

ಹಳೆಯ ಕಾಲದವರಿಗೆ ಈ ಐಷಾರಾಮ ಇರಲಿಲ್ಲ. ಈ ನಾಲ್ಕನೆಯದನ್ನು 1940ರ ದಶಕದ ಆರಂಭದಲ್ಲಿ ಪಿಟೀಲುವಾದಕ ಜೋಸೆಫ್ ಸಿಗೆಟಿ ಮತ್ತು ಪಿಯಾನೊ ವಾದಕ ಆಂಡೋರ್ ಫೋಲ್ಡೆಸ್ ನಿಮಿಷಕ್ಕೆ 78 ಸುತ್ತಿನ ಡಿಸ್ಕಿಗೆ ನುಡಿಸಿದರು. 12 ಇಂಚಿನ ಡಿಸ್ಕಿನ ಒಂದು ಮಗ್ಗುಲಿಗೆ ಹಿಡಿಯುವುದು ನಾಲ್ಕೂವರೆ ನಿಮಿಷದಷ್ಟು. ಹೆಚ್ಚೂಕಮ್ಮಿ ಆದರೆ ಇಡೀ ಮಗ್ಗುಲು ಮತ್ತೆ ನುಡಿಸಬೇಕು, ತೇಪೆ ಹಾಕುವ ಮಾತೇ ಇಲ್ಲ. ಅದನ್ನು ಹೊರತಂದ ಸಂಯೋಜಕ ಹೆನ್ರಿ ಕವೆಲ್‌ನ ‘ನ್ಯೂ ಮ್ಯೂಸಿಕ್’ ಸಾಹಸಕ್ಕೆ ಐವ್ಸ್ ವರ್ಷಗಟ್ಟಲೆ ಹಣ ಕೊಟ್ಟಿದ್ದ. ಮಾರಾಟವಾಗದ ಸಂಗೀತದ ಮುದ್ರಣಕ್ಕೆ ಯಾರಾದರೂ ಕೈಯಿಂದ ಹಾಕಲೇಬೇಕು. ಅದೇ ದಶಕದ ಕೊನೆಯಲ್ಲಿ ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅವರು ಲಂಡನ್ನಿನಲ್ಲಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಎಚ್‌ಎಂವಿಯಲ್ಲಿ ಮುದ್ರಿಸಲು ಹಣ ಒದಗಿಸಿದ್ದರು. ಆ ಡಿಸ್ಕುಗಳಿಲ್ಲದಿದ್ದರೆ ಮೆಟ್ನರ್ ಸ್ವತಃ ನುಡಿಸಿದ್ದರಲ್ಲಿ ಬಹಳಷ್ಟು ಇವತ್ತು ನಮಗೆ ಸಿಗುತ್ತಿರಲಿಲ್ಲ. ಇರಲಿ, ಐವ್ಸ್‌ಗೆ ಮರಳೋಣ. ಆಮೇಲೆ ಪಾಲ್ ಝುಕೊಫ್‌ಸ್ಕಿ ಮತ್ತು ಗಿಲ್ಬರ್ಟ್ ಕೇಲಿಶ್, 2011ರಲ್ಲಿ ಹಿಲರಿ ಹಾನ್ ಮತ್ತು ವ್ಯಾಲೆಂಟಿನಾ ಲಿಸಿತ್ಸಾ, ಐವ್ಸ್ ಹುಟ್ಟಿ 150 ವರ್ಷವಾದ 2024ರಲ್ಲಿ ಸ್ಟೆಫಾನ್ ಜ್ಯಾಕಿವ್ ಮತ್ತು ಜೆರೆಮಿ ಡೆಂಕ್ ನಾಲ್ಕನ್ನೂ ಹೊರತಂದಿದ್ದಾರೆ. ಸಿದ್ಧತೆಗೆ ಎಲ್ಲವನ್ನೂ ಕೇಳಿ. ಮುದ್ರಣಕ್ಕೆ ಒಂದು ತಿಂಗಳು ಇರುವಾಗ ನಿಲ್ಲಿಸಿಬಿಡಿ.

ಟೇಕುಗಳ ವಿಷಯ. ಪ್ರತಿ ಭಾಗವನ್ನೂ ಮೊದಲು ಎರಡು ಸಲ ತಡೆಯಿಲ್ಲದೆ ಪೂರ್ತಿ ನುಡಿಸಿಸಿ. ಅದೇ ಬೆನ್ನೆಲುಬು. ಆಮೇಲೆ 30–40 ಬಾರ್‌ಗಳ ತುಂಡು (ಸ್ವರಲಿಪಿಯಲ್ಲಿ ಗೆರೆ ಎಳೆದು ವಿಂಗಡಿಸಿದ ತಾಳದ ಒಂದು ಮನೆಯೇ ಬಾರ್), ಕೊನೆಗೆ ಸಣ್ಣ ತೇಪೆ. ಬಾರ್ ಗೆರೆ ಎಳೆಯುವುದನ್ನೇ ಐವ್ಸ್ ಬಿಟ್ಟಿರುವ ಕಡೆ ಬಾರ್ ಸಂಖ್ಯೆ ಹೇಳಲು ಬರುವುದಿಲ್ಲ, ಅಲ್ಲಿ ಮೊದಲೇ ಎ, ಬಿ, ಸಿ ಎಂದು ನಿಮ್ಮದೇ ಗುರುತು ಹಾಕಿಕೊಳ್ಳಿ. ಪ್ರೊಡ್ಯೂಸರ್ ಮೈಕಿನಲ್ಲಿ ಏನು ಹೇಳುತ್ತಾರೆ ಎನ್ನುವುದೂ ಇಲ್ಲಿ ಸೂಕ್ಷ್ಮ. ‘ಒಟ್ಟಿಗೆ ಬೀಳಲಿಲ್ಲ’ ಎಂದು ನಾಲ್ಕು ಸಲ ಹೇಳಿದರೆ ವಾದಕರು ಜಾಗರೂಕರಾಗುತ್ತಾರೆ. ‘ಇನ್ ದ ಬಾರ್ನ್’ ಕಣಜದಲ್ಲಿ ಕುಣಿಯುವವರಿಗೆ ಊರಿನ ಪಿಟೀಲಿನವ ಬಾರಿಸಿದ ಹಾಗಿರಬೇಕು. ‘ಟರ್ಕಿ ಇನ್ ದ ಸ್ಟ್ರಾ’, ‘ಸೇಲರ್ಸ್ ಹಾರ್ನ್‌ಪೈಪ್’ ಒಂದರ ಮೇಲೊಂದು ಬಿದ್ದು ತಾಳ ಜಾರುತ್ತದೆ. ಅಲ್ಲಿ ಕಮಾನಿನ ಒರಟು ಬೇಕೇ ಬೇಕು, ತಂತಿಗೆ ಕಮಾನು ಕಚ್ಚಿದ ಸದ್ದು ಇರಲಿ. ಅದೇ ಸದ್ದು ಎರಡು ನಿಮಿಷ ಬಿಟ್ಟು ‘ದಿ ರಿವೈವಲ್’ನ ಮೆಲುವಾದ ಆರಂಭದಲ್ಲಿ ಬಂದರೆ ಮತ್ತೆ ನುಡಿಸಲು ಹೇಳಲೇಬೇಕು. ಶ್ರುತಿಯೂ ಹೀಗೆಯೇ. ಒಂದೇ ಕೀಲಿಯ ಸ್ವರಕ್ಕೆ ಐವ್ಸ್ ಸಂದರ್ಭ ನೋಡಿ ಒಮ್ಮೆ ಶಾರ್ಪ್, ಒಮ್ಮೆ ಫ್ಲ್ಯಾಟ್ (ಸ್ವರ ಇಳಿಸುವ ಗುರುತು) ಎಂದು ಬರೆಯುತ್ತಾನೆ. ಶಾರ್ಪ್ ಬರೆದಲ್ಲಿ ಪಿಟೀಲು ಕೂದಲೆಳೆಯಷ್ಟು ಮೇಲಕ್ಕೆ ವಾಲಿದರೆ ಅದು ಅವನ ಮನಸ್ಸಿಗೆ ಹತ್ತಿರ. ಗಮಕದಲ್ಲಿ ಸ್ವರ ಹೇಗೆ ತನ್ನ ಸ್ಥಾನದ ಸುತ್ತ ಓಲಾಡುತ್ತದೆ ಎಂದು ಬಲ್ಲ ನಮ್ಮ ಕಿವಿಗೆ ಇದನ್ನು ವಿವರಿಸಬೇಕಿಲ್ಲ. ಪಿಚ್ ತಿದ್ದುವ ತಂತ್ರಾಂಶವನ್ನು ಆ ಕಡೆ ತರಬೇಡಿ.

ಮೂರನೆಯ ಸೊನಾಟಾದ ಮೊದಲ ಭಾಗದಲ್ಲಿ ಇನ್ನೊಂದು ಬಲೆ. ಅದು ಗೀತೆಯ ಹಾಗೆ ನಾಲ್ಕು ಚರಣ, ಪ್ರತಿ ಚರಣದ ಕೊನೆಗೂ ಒಂದೇ ಪಲ್ಲವಿ. ಒಂದು ಪಲ್ಲವಿ ಅದ್ಭುತವಾಗಿ ಬಂದಿತೆಂದು ಅದನ್ನೇ ನಕಲಿಸಿ ನಾಲ್ಕು ಕಡೆ ಅಂಟಿಸುವುದು ಕಂಪ್ಯೂಟರಿನಲ್ಲಿ ಅರ್ಧ ನಿಮಿಷದ ಕೆಲಸ. ಆದರೆ ಪ್ರತಿ ಪಲ್ಲವಿಗೂ ಹಿಂದೆ ನಡೆದದ್ದು ಬೇರೆ. ಹಿಂದಿನ ಚರಣದ ಪೆಡಲಿನ ಗುಂಗು ಪಲ್ಲವಿಯ ಮೊದಲ ಸ್ವರದ ಕೆಳಗೆ ಇನ್ನೂ ಹರಿಯುತ್ತಿರುತ್ತದೆ. ಅಂಟಿಸಿದಲ್ಲಿ ಆ ಗುಂಗು ಥಟ್ಟನೆ ಇನ್ನೊಂದಾಗುತ್ತದೆ. ಕೇಳುಗನಿಗೆ ಕಾರಣ ಗೊತ್ತಾಗದಿದ್ದರೂ ನೆಲ ಜಾರಿದ ಹಾಗಾಗುತ್ತದೆ.

ತೇಪೆ ಹಾಕುವಾಗಲೂ ಇದೇ ನಿಯಮ. ಬೇಕಾದ ಜಾಗಕ್ಕಿಂತ ಕನಿಷ್ಠ ಎರಡು ಬಾರ್ ಹಿಂದಿನಿಂದ ನುಡಿಸಿಸಿ, ಕೋಣೆ ಸರಿಯಾದ ಗುಂಗಿನಿಂದ ತುಂಬಿಕೊಳ್ಳಲಿ. ಹಾಗೆಯೇ ಒಂದೆರಡು ಬಾರ್ ಮುಂದಕ್ಕೂ ಹೋಗಲಿ. ಕತ್ತರಿ ಪಿಯಾನೊದ ಹೊಸ ಪೆಟ್ಟಿನ ಹೊಸ್ತಿಲಲ್ಲಿ ಬೀಳಲಿ, 10ರಿಂದ 30 ಮಿಲಿಸೆಕೆಂಡಿನ ಬೆಸುಗೆ ಸಾಕು. ಪಿಟೀಲಿನ ದೀರ್ಘಸ್ವರದ ನಡುವೆ ಬೆಸೆಯಲೇಬೇಕಾದರೆ ಬೆರಳಿನ ಕಂಪನದ ವೇಗ ಎರಡೂ ಟೇಕಿನಲ್ಲಿ ಒಂದೇ ಇದೆಯೇ ನೋಡಿಕೊಳ್ಳಿ. ಕೆಲಸವೆಲ್ಲ ಮುಗಿದ ಮೇಲೆ ಕಂಪ್ರೆಸರ್ (ಜೋರಿಗೂ ಮೆಲ್ಲಗೂ ಇರುವ ಅಂತರ ತಗ್ಗಿಸುವ ಸಾಧನ) ಹಾಕಬೇಡಿ. ಸ್ಟ್ರೀಮಿಂಗ್ ಕಂಪನಿಗಳ ಮಟ್ಟಕ್ಕೆ ತರಲು ಹಿಂಡಿದರೆ ಕಲ್ಲೆಸೆತಕ್ಕೂ ಲಾರ್ಗೊಗೂ ವ್ಯತ್ಯಾಸವೇ ಉಳಿಯದು.

ಹಕ್ಕಿನ ಬಗ್ಗೆ ಎರಡೇ ಮಾತು. ಐವ್ಸ್ ತೀರಿಕೊಂಡದ್ದು 1954ರಲ್ಲಿ. ಭಾರತದಲ್ಲಿ ಕರ್ತೃವಿನ ಮರಣಾನಂತರ 60 ವರ್ಷ, ಹಾಗಾಗಿ ಇಲ್ಲಿ 2015ರಿಂದ ಈ ಕೃತಿಗಳು ಸಾರ್ವಜನಿಕ. ಯುರೋಪಿನ ಒಕ್ಕೂಟದಲ್ಲಿ 70 ವರ್ಷ, 2025ರಿಂದ. ಅಮೆರಿಕದಲ್ಲಿ ಮರಣದ ಲೆಕ್ಕವಲ್ಲ, ಆ ಕಾಲದ, ಹಕ್ಕು ನವೀಕರಿಸಿದ ಕೃತಿಗಳಿಗೆ ಪ್ರಕಟಣೆಯಿಂದ 95 ವರ್ಷ. ಇಲ್ಲಿ ಮುದ್ರಿಸಿದರೂ ಅಲ್ಲಿ ಬಿಡುಗಡೆ ಮಾಡುವಾಗ ಪರವಾನಗಿ ಬೇಕಾದೀತು, ಮೊದಲೇ ವಿಚಾರಿಸಿಕೊಳ್ಳಿ.

ಕೊನೆಗೆ ನಾಲ್ಕನೆಯ ಸೊನಾಟಾದ ಕೊನೆ. ರಾಬರ್ಟ್ ಲೌರಿ ಬರೆದ ‘ಶಲ್ ವಿ ಗ್ಯಾದರ್ ಅಟ್ ದ ರಿವರ್’ ಗೀತೆ ಅಲ್ಲಿ ಪೂರ್ತಿಯಾಗಿ ಅರಳುತ್ತದೆ, ನದಿಯ ದಡದಲ್ಲಿ ನಾವು ಸೇರೋಣವೇ ಎಂಬ ಪ್ರಶ್ನೆ. ಮೂಲ ಗೀತೆಯಲ್ಲಿ ಅದಕ್ಕೆ ‘ಹೌದು, ಸೇರೋಣ’ ಎಂಬ ಉತ್ತರವಿದೆ. ಐವ್ಸ್ ಕೊನೆಯಲ್ಲಿ ಪ್ರಶ್ನೆಯನ್ನು ಮತ್ತೆ ಎತ್ತಿ, ಸಾಲು ಮುಗಿಯುವ ಮೊದಲೇ ನಿಲ್ಲಿಸಿಬಿಡುತ್ತಾನೆ. ಧ್ವನಿಮುದ್ರಣದಲ್ಲಿ ಇದರ ಫಜೀತಿ ನೋಡಿ: ಸಭೆಯಲ್ಲಾದರೆ ವಾದಕರ ಕೈ ಗಾಳಿಯಲ್ಲಿ ನಿಂತಿರುವುದು ಕಾಣುತ್ತದೆ. ಡಿಸ್ಕಿನಲ್ಲಿ ಕೇಳಿದವರಿಗೆ ಫೈಲು ಅರ್ಧಕ್ಕೆ ತುಂಡಾಗಿದೆ ಅನ್ನಿಸುತ್ತದೆ. ಅದಕ್ಕೇ ಇದನ್ನು ತೇಪೆಯಲ್ಲಿ ಮಾಡಬೇಡಿ, ಕೊನೆಯ ಪುಟ ಇಡಿಯಾಗಿ ಒಂದೇ ಟೇಕಿನಿಂದ ಬರಲಿ. ಕೊನೆಯ ಸ್ವರ ಮುಗಿದ ಮೇಲೆ ಇಬ್ಬರೂ ಹತ್ತು ಸೆಕೆಂಡು ಕದಲಬಾರದು. ಕಮಾನು ಇಳಿಸಬಾರದು, ಪಿಯಾನೊ ವಾದಕರ ಪಾದ ಪೆಡಲಿನಿಂದ ತಟ್ಟನೆ ಮೇಲೇಳಬಾರದು, ಪ್ರೊಡ್ಯೂಸರ್ ‘ಚೆನ್ನಾಗಿ ಬಂತು’ ಎನ್ನುವ ಗುಂಡಿ ಒತ್ತಬಾರದು. ಎಡಿಟ್ ಮಾಡುವಾಗ ಆ ಮೌನದ ಆರು ಸೆಕೆಂಡನ್ನಾದರೂ ಹಾಗೆಯೇ ಉಳಿಸಿ, ಸದ್ದು ಕರಗಿಸುವ ಫೇಡನ್ನು ಅದಾದ ಮೇಲೆ ಶುರು ಮಾಡಿ. ಸಭಾಂಗಣದ ಗಾಳಿಯ ಸದ್ದು ಇನ್ನೂ ಕೇಳಿಸುತ್ತಿದ್ದರೆ, ಫೈಲು ತುಂಡಾಗಿಲ್ಲ ಎಂದು ಕೇಳುಗನಿಗೆ ತಿಳಿಯುತ್ತದೆ.